ಪಿಕಪ್‌ನ ಮೂತಿ ಎಷ್ಟು ಏಳಬೇಕು? ಸಸ್ಪೆನ್ಷನ್ ಲಿಫ್ಟ್ ಕುರಿತು ಓದುಗರ ಪ್ರಶ್ನೆಗಳು

ಮಳೆ ಹಿಂದೆಗೆದು ತೋಟದ ದಾರಿಗಳು ಒಣಗತೊಡಗಿದಾಗ ಪ್ರತಿ ವರ್ಷವೂ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಹೆಚ್ಚಾಗಿ ಬರುತ್ತವೆ. ನಾಲ್ಕು ತಿಂಗಳು ಕೆಸರಿನಲ್ಲಿ ಹೊಟ್ಟೆ ಉಜ್ಜಿಕೊಂಡು ಓಡಿದ ಪಿಕಪ್ ವಾಹನವನ್ನು ಎತ್ತರಿಸುವುದು ಹೇಗೆ, ಯಾವ ಬಿಡಿಭಾಗ ಕೊಳ್ಳಬೇಕು, ಮುಂಭಾಗ ಹಿಂಭಾಗಗಳನ್ನು ಸಮ ಮಾಡುವುದು ಹೇಗೆ ಎಂಬುದೇ ಅವುಗಳ ಸಾರ. ಈ ಸಲ ಬಂದವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರವನ್ನು ಬರೆದವರು ಟೇಪು ಹಿಡಿದು ಅಳೆದು ಬರೆದಿದ್ದಾರೆ. ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಸಿಕ್ಕಿದೆ. ಅಳತೆಯಿಲ್ಲದೆ ಬರೆದವರು ಬೇಸರಿಸಬಾರದು.

ಪ್ರಶ್ನೆ: ಮಾನ್ಯರೇ, ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರ. ನನ್ನ ಬಳಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಇದೆ, ಫೋರ್ ವೀಲ್ ಡ್ರೈವ್ ಮಾದರಿ. ಗಾಡಿ ಖಾಲಿ ನಿಂತಾಗ ಗುದ್ದಲು ಹೊರಟ ಹೋರಿಯ ಹಾಗೆ ತಲೆ ತಗ್ಗಿಸಿ, ಹಿಂಭಾಗವನ್ನು ಎತ್ತಿ ನಿಲ್ಲುತ್ತದೆ. ಇಳಿಜಾರು ಮುಗಿಯುವ ಕಡೆ ಮುಂದಿನ ಬಂಪರ್ ನೆಲಕ್ಕೆ ತಾಗುತ್ತದೆ. ಒಬ್ಬ ಅಂಗಡಿಯವರು ಮುಂದಕ್ಕೆ ಎರಡು ಇಂಚಿನ ಸ್ಪೇಸರ್ (ಸ್ಪ್ರಿಂಗ್ ಜೋಡಣೆಯ ಮೇಲೆ ಇಡುವ ಬಿಲ್ಲೆ) ಸಾಕು ಎನ್ನುತ್ತಾರೆ. ಇನ್ನೊಬ್ಬರು ಮೂರು ಇಂಚಿನ ಪೂರ್ತಿ ಕಿಟ್ ಹಾಕಿಸಿ ಎನ್ನುತ್ತಾರೆ. ಸಿಮೆಂಟ್ ನೆಲದ ಕಣದಲ್ಲಿ ಗಾಡಿ ನಿಲ್ಲಿಸಿ ನಾನು ಅಳೆದದ್ದು ಹೀಗಿದೆ: ಬಾಗಿಲ ಕೆಳಗಿನ ಅಂಚು ಮುಂದಿನ ತುದಿಯಲ್ಲಿ ನೆಲದಿಂದ 470 ಮಿ.ಮೀ., ಅಲ್ಲಿಂದ 1,800 ಮಿ.ಮೀ. ಹಿಂದಕ್ಕೆ 505 ಮಿ.ಮೀ. ಐವತ್ತು ಕಿಲೋದ ನಾಲ್ಕು ಚೀಲಗಳನ್ನು ಹಿಂದಿನ ಆಕ್ಸಲ್ ಮೇಲಕ್ಕೆ ಬರುವಂತೆ ಇಟ್ಟಾಗ ಹಿಂಭಾಗ 25 ಮಿ.ಮೀ. ಇಳಿಯಿತು. ನಾನು ಸಾಮಾನ್ಯವಾಗಿ ಹೇರುವುದು ಅಷ್ಟೇ ಭಾರ. ನನಗೆ ಯಾವುದು ಸರಿ?

ಉತ್ತರ: ಇಬ್ಬರು ಅಂಗಡಿಯವರ ಮಾತನ್ನೂ ಬದಿಗಿಡಿ, ನಿಮ್ಮ ಅಂಕಿಗಳೇ ಉತ್ತರ ಹೇಳುತ್ತಿವೆ. 1,800 ಮಿ.ಮೀ. ಅಂತರದಲ್ಲಿ 35 ಮಿ.ಮೀ. ವ್ಯತ್ಯಾಸವಿದೆ. ನಿಮ್ಮ ವಾಹನದ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ 3,095 ಮಿ.ಮೀ. ಇರುವುದರಿಂದ, ಅದೇ ಇಳಿಜಾರನ್ನು ಆ ದೂರಕ್ಕೆ ವಿಸ್ತರಿಸಿದರೆ ಮುಂಭಾಗವು ಹಿಂಭಾಗಕ್ಕಿಂತ ಸುಮಾರು 60 ಮಿ.ಮೀ. ತಗ್ಗಿನಲ್ಲಿದೆ ಎಂದಾಯಿತು. ಇದು ದೋಷವಲ್ಲ. ಪಿಕಪ್ ಹಿಂದೆ ಭಾರ ಹೊರಲೆಂದೇ ಹುಟ್ಟಿದ ವಾಹನ. ಭಾರ ಬಿದ್ದಾಗ ಹಿಂಭಾಗ ಕುಸಿಯುತ್ತದೆಂದು ಗೊತ್ತಿರುವುದರಿಂದಲೇ ತಯಾರಕರು ಖಾಲಿಯಿರುವಾಗ ಅದನ್ನು ಎತ್ತರದಲ್ಲಿ ನಿಲ್ಲಿಸಿರುತ್ತಾರೆ. ಖಾಲಿ ಗಾಡಿಯನ್ನು ನೋಡಿ ಸಮ ಮಾಡಲು ಹೊರಡುವುದು, ಊಟಕ್ಕೆ ಮೊದಲು ಬೆಲ್ಟಿನ ಅಳತೆ ತೆಗೆದುಕೊಂಡ ಹಾಗೆ.

ಈಗ ಭಾರದ ಲೆಕ್ಕ. 200 ಕಿಲೋಗೆ 25 ಮಿ.ಮೀ. ಇಳಿಯಿತೆಂದರೆ ನಿಮ್ಮ ಹಿಂದಿನ ಸ್ಪ್ರಿಂಗುಗಳು ಎರಡೂ ಸೇರಿ ಪ್ರತಿ ಮಿಲಿಮೀಟರಿಗೆ 8 ಕಿಲೋ ತಡೆಯುತ್ತಿವೆ. ನಾಲ್ಕು ಚೀಲ ಹೇರಿದಾಗ 60ರಲ್ಲಿ 25 ಕಳೆದು, ಮೂತಿ ಇನ್ನೂ 35 ಮಿ.ಮೀ. ತಗ್ಗಿರುತ್ತದೆ. ಆದ್ದರಿಂದ ಮುಂಭಾಗವನ್ನು ಸುಮಾರು 30 ಮಿ.ಮೀ. ಎತ್ತಿದರೆ, ಹೇರಿದಾಗ ಗಾಡಿ ಹೆಚ್ಚುಕಡಿಮೆ ಸಮವಾಗಿ, ಮೂತಿ ಒಂದೈದು ಮಿ.ಮೀ. ಮಾತ್ರ ತಗ್ಗಿ ನಿಲ್ಲುತ್ತದೆ. ಖಾಲಿಯಿದ್ದಾಗ ಈಗಿನ ಅರ್ಧದಷ್ಟು ಇಳಿಜಾರು ಉಳಿಯುತ್ತದೆ. ಹಿಂಭಾಗವನ್ನು ಮುಟ್ಟುವ ಅಗತ್ಯವೇ ಇಲ್ಲ. ಇದೇ ಜಾಗದಲ್ಲಿ ಮುಂಭಾಗವನ್ನು ಎರಡು ಇಂಚು, ಎಂದರೆ 50 ಮಿ.ಮೀ. ಎತ್ತಿದ್ದರೆ, ಹೇರಿದ ಗಾಡಿಯ ಮೂತಿ ಆಕಾಶ ನೋಡುತ್ತಿತ್ತು: ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತಿತ್ತು. ಭಾರವನ್ನು ಆಕ್ಸಲ್‌ಗಿಂತ ಹಿಂದಕ್ಕೆ ಸರಿಸಿ ಹೇರುವವರಿಗೆ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಆಗ ತೂಗುಮರದ ಹಾಗೆ ಮುಂಭಾಗದ ಭಾರವೂ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ.

ಸ್ಪೇಸರಿನ ವಿಷಯದಲ್ಲಿ ನಮ್ಮಲ್ಲಿ ಪದೇಪದೇ ಆಗುವ ತಪ್ಪೊಂದನ್ನು ಇಲ್ಲಿಯೇ ಹೇಳಬೇಕು. ನಿಮ್ಮ ಗಾಡಿಯ ಮುಂದಿನ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಾಗಿದ್ದು, ಅದು ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳಿನ ತುದಿಯ ಮೇಲಲ್ಲ, ಸರಿಸುಮಾರು ನಡುವೆ ಕೂತಿರುತ್ತದೆ. ಹಾರೆಯನ್ನು ನಡುವೆ ಹಿಡಿದು ಸ್ವಲ್ಪ ಎತ್ತಿದರೆ ತುದಿ ಹೆಚ್ಚು ಏಳುವಂತೆ, ಜೋಡಣೆಯ ನೆತ್ತಿಯ ಮೇಲೆ ಇಟ್ಟ ಸ್ಪೇಸರಿನ ದಪ್ಪಕ್ಕಿಂತ ಚಕ್ರದ ಬಳಿ ಸಿಗುವ ಎತ್ತರ ಒಂದೂಮುಕ್ಕಾಲರಿಂದ ಎರಡು ಪಟ್ಟು ಇರುತ್ತದೆ. ನಿಮಗೆ ಬೇಕಾದ 30 ಮಿ.ಮೀ.ಗೆ 15ರಿಂದ 18 ಮಿ.ಮೀ. ದಪ್ಪದ ಸ್ಪೇಸರ್ ಸಾಕು. ಎರಡು ಇಂಚು ಬೇಕೆಂದು ಎರಡು ಇಂಚು ದಪ್ಪದ ತುಂಡನ್ನೇ ಲೇತಿನಲ್ಲಿ ಕಡೆಸಿ ಹಾಕಿಸಿಕೊಂಡವರನ್ನು ನಾನು ಕಂಡಿದ್ದೇನೆ; ಗಾಡಿ ನಾಲ್ಕು ಇಂಚು ಎದ್ದು, ಮೇಲಿನ ತೋಳು ಸ್ಪ್ರಿಂಗಿಗೆ ತಾಗಿ ಕಿರ್ರೆನ್ನುತ್ತಿತ್ತು. ಆದ್ದರಿಂದ ಕೊಳ್ಳುವಾಗ ಅಂಗಡಿಯವರು ಹೇಳುವ ಅಂಕಿ ಸ್ಪೇಸರಿನ ದಪ್ಪವೋ ಚಕ್ರದ ಬಳಿಯ ಎತ್ತರವೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಸ್ಪೇಸರ್ ಹಾಕುವುದೋ ಸ್ಪ್ರಿಂಗ್ ಬದಲಿಸುವುದೋ ಎಂಬುದು ಮುಂದಿನ ಮಾತು. ನೆತ್ತಿಯ ಮೇಲಿನ ಸ್ಪೇಸರ್ ಇಡೀ ಜೋಡಣೆಯನ್ನೇ ಕೆಳಕ್ಕೆ ತಳ್ಳುತ್ತದೆ. ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ, ಓಟದ ಹದವೂ ಮೊದಲಿನಂತೆಯೇ ಇರುತ್ತದೆ, ಆದರೆ ಚಕ್ರ ಗುಂಡಿಗೆ ಇಳಿದಾಗ ತೋಳುಗಳು ಮೊದಲಿಗಿಂತ ಹೆಚ್ಚು ಕೆಳಕ್ಕೆ ಜೋತುಬಿದ್ದು, ತೋಳು ಚಕ್ರಕ್ಕೆ ಸೇರುವ ಕೀಲಾದ ಬಾಲ್ ಜಾಯಿಂಟನ್ನು ಹಿಂಸಿಸುತ್ತವೆ. ಎತ್ತರದ ಹೊಸ ಸ್ಪ್ರಿಂಗ್ ಹಾಕಿದರೆ ಚಕ್ರ ಇಳಿಯುವ ಗಡಿ ಶಾಕ್ ಅಬ್ಸಾರ್ಬರಿನ ಉದ್ದದಿಂದಲೇ ನಿರ್ಧಾರವಾಗುವುದರಿಂದ ಬದಲಾಗುವುದಿಲ್ಲ. ಆದರೆ ಗಾಡಿ ಆ ಗಡಿಗೆ ಹತ್ತಿರವಾಗಿ ನಿಲ್ಲುವುದರಿಂದ, ಹಳೆಯ ಗಿಡ್ಡ ಶಾಕ್‌ನ ಮೇಲೆ ತೀರಾ ಎತ್ತರದ ಸ್ಪ್ರಿಂಗ್ ಕೂರಿಸಿದರೆ ಪ್ರತಿ ಹಂಪಿನ ಆಚೆ 'ಟಕ್' ಎಂದು ಸದ್ದು ಬರುತ್ತದೆ. 30 ಮಿ.ಮೀ.ಗೆ ಎರಡೂ ದಾರಿ ನಡೆಯುತ್ತವೆ. ನಿಮ್ಮ ಶಾಕ್‌ಗಳು ಇನ್ನೂ ಹೊಸವಾಗಿದ್ದರೆ ಅಗ್ಗದ ದಾರಿಯಾದ ಸ್ಪೇಸರನ್ನೇ ಹಾಕಿಸಿ. ಎಣ್ಣೆ ಜಿನುಗುತ್ತಿದ್ದರೆ ಸ್ಪ್ರಿಂಗ್, ಶಾಕ್ ಎರಡನ್ನೂ ಜೊತೆಗೆ ಬದಲಿಸಿ, ಒಂದೇ ಕೂಲಿಯಲ್ಲಿ ಕೆಲಸ ಮುಗಿಯುತ್ತದೆ.

ಸ್ಪ್ರಿಂಗ್ ಕೊಳ್ಳುವುದಾದರೆ ಎತ್ತರದ ಅಂಕಿಗಿಂತ ಭಾರದ ಅಂಕಿಯನ್ನು ಮೊದಲು ನೋಡಿ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಡಾಬಿನ್ಸನ್ಸ್ ಮುಂತಾದ ಆಸ್ಟ್ರೇಲಿಯಾದ ತಯಾರಕರು ಒಂದೇ ಗಾಡಿಗೆ ಹಲವು ಬಗೆಯ ಮುಂದಿನ ಸ್ಪ್ರಿಂಗುಗಳನ್ನು ಕೊಡುತ್ತಾರೆ: ಹೆಚ್ಚುವರಿ ಭಾರವಿಲ್ಲದ ಗಾಡಿಗೆ ಒಂದು, ಕಬ್ಬಿಣದ ಬಂಪರ್ ಇರುವ ಗಾಡಿಗೆ ಒಂದು, ಬಂಪರಿನ ಮೇಲೆ ವಿಂಚ್ ಕೂಡ ಇರುವ ಗಾಡಿಗೆ ಮತ್ತೊಂದು. ಗಟ್ಟಿಯಿದ್ದಷ್ಟೂ ಒಳ್ಳೆಯದೆಂದು ನೂರು ಕಿಲೋ ಹೆಚ್ಚುವರಿ ಭಾರದ ಸ್ಪ್ರಿಂಗನ್ನು ಬರಿಯ ಗಾಡಿಗೆ ಹಾಕಿದರೆ ಅದು ಹೇಳಿದ್ದಕ್ಕಿಂತ ಎತ್ತರ ನಿಂತು, ಕಲ್ಲಿನ ದಾರಿಯಲ್ಲಿ ಮೇಕೆಯಂತೆ ನೆಗೆಯುತ್ತದೆ. ನಿಮಗೆ ಬೇಕಾದ್ದು ಮೊದಲ ಬಗೆ. ಹಾಗೆಯೇ, ಎತ್ತರ ಹೊಂದಿಸಲು ತಿರುಪಿರುವ ಜೋಡಣೆ ಕೊಂಡರೆ, ತಿರುಪನ್ನು ಬಿಗಿಮಾಡಿದಂತೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಒಂದೇ ಸಮನೆ ಸುತ್ತಿದ ಸ್ಪ್ರಿಂಗಿನ ಗಟ್ಟಿತನ ಅದರಿಂದ ಬದಲಾಗುವುದಿಲ್ಲ, ಗಾಡಿಯ ಎತ್ತರ ಮಾತ್ರ ಬದಲಾಗುತ್ತದೆ.

ಪ್ರಶ್ನೆ: ಕೊಡಗಿನ ವಿರಾಜಪೇಟೆ ಕಡೆಯವನು. ಹೋದ ವರ್ಷ ನನ್ನ ಹೈಲಕ್ಸ್‌ಗೆ ಮುಂದೆ ಹಿಂದೆ ಮೂರು ಮೂರು ಇಂಚು ಎತ್ತರ ಮಾಡಿಸಿದೆ. ಮೇಲಿನ ತೋಳು ಬದಲಿಸಿಲ್ಲ. ಈಗ ಮೈಸೂರು ರಸ್ತೆಯಲ್ಲಿ ಎಂಬತ್ತರ ಮೇಲೆ ಹೋದರೆ ಗಾಡಿ ಅತ್ತಿತ್ತ ಅಲೆಯುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಮುಂದೆ 'ಕಟ ಕಟ' ಎಂಬ ಸದ್ದು. ಟೈರಿನ ಒಂದು ಅಂಚು ಬೇಗ ಸವೆಯುತ್ತಿದೆ. ವೀಲ್ ಅಲೈನ್‌ಮೆಂಟ್ ಎರಡು ಸಲ ಮಾಡಿಸಿದ್ದಾಯಿತು.

ಉತ್ತರ: ನೀವು ಬರೆದ ಮೂರೂ ತೊಂದರೆಗಳ ಬೇರು ಒಂದೇ. ಬಿಡದಿಯಲ್ಲಿ ತಯಾರಾಗುವ ನಿಮ್ಮ ಹೈಲಕ್ಸ್‌ನ ಮುಂಭಾಗದಲ್ಲಿ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳುಗಳಿವೆ. ಗಾಡಿಯನ್ನು ಎತ್ತಿದಾಗ ಚಕ್ರವೇನೂ ಏಳುವುದಿಲ್ಲ, ಗಾಡಿಯ ಚೌಕಟ್ಟು ಏಳುತ್ತದೆ. ಎಂದರೆ ಚೌಕಟ್ಟಿನಿಂದ ನೋಡಿದರೆ ಚಕ್ರ ಕೆಳಕ್ಕೆ ಜೋತುಬಿದ್ದಿದೆ. ತೋಳುಗಳು ಕಮಾನಿನ ದಾರಿಯಲ್ಲಿ ಇಳಿಯುವುದರಿಂದ, ಚಕ್ರದ ತಿರುಗುವ ಅಕ್ಷವು ಹಿಂದಕ್ಕೆ ಒರಗಿರುವ ಕೋನ, ಎಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದಲೇ ಕೈಬಿಟ್ಟರೂ ಅದು ನೇರ ಓಡುತ್ತದೆ. ಫೋರ್ಕನ್ನು ನೆಟ್ಟಗೆ ಮಾಡಿದರೆ ಅಲೆಯುತ್ತದೆ. ನಿಮ್ಮ ಗಾಡಿಗೆ ಆಗಿರುವುದೂ ಅದೇ. ಜೊತೆಗೆ ಕ್ಯಾಂಬರ್ (ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲುವ ಕೋನ), ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡೂ ಸರಿದಿವೆ, ಟೈರಿನ ಅಂಚು ಅದಕ್ಕೆ ಸವೆಯುತ್ತಿದೆ. ಅಲೈನ್‌ಮೆಂಟ್ ಮಾಡುವವರ ತಪ್ಪೇನಿಲ್ಲ, ಕೆಳತೋಳಿನ ಬುಡದಲ್ಲಿರುವ ಹೊಂದಾಣಿಕೆಯ ಬೋಲ್ಟುಗಳು ಅವುಗಳ ಕೊನೆಯ ಗಡಿ ಮುಟ್ಟಿರುತ್ತವೆ, ಇನ್ನು ತಿರುಗಿಸಲು ಜಾಗವಿರುವುದಿಲ್ಲ. ಅಲೈನ್‌ಮೆಂಟ್ ಯಂತ್ರದಿಂದ ಬಂದ ಮುದ್ರಿತ ಹಾಳೆ ನಿಮ್ಮ ಬಳಿ ಇದ್ದರೆ ನೋಡಿ, ಕ್ಯಾಸ್ಟರಿನ ಎದುರು ಕೆಂಪು ಬಣ್ಣ ಇದ್ದೇ ಇರುತ್ತದೆ. ಟೋ ಒಂದನ್ನು ಹಸಿರು ಮಾಡಿ ಕಳಿಸಿರುತ್ತಾರೆ.

'ಕಟ ಕಟ' ಸದ್ದಿಗೆ ಮುಂದಿನ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟ್, ಎಂದರೆ ಶಾಫ್ಟ್ ಓರೆಯಾಗಿದ್ದರೂ ಚಕ್ರವನ್ನು ತಿರುಗಿಸುವ ಕೀಲು, ಕಾರಣ. ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಮೇಲೆದ್ದಿದೆ, ಚಕ್ರ ಅಲ್ಲಿಯೇ ಇದೆ, ನಡುವಿನ ಶಾಫ್ಟ್ ಕಡಿದಾಗಿ ಇಳಿಯುತ್ತಿದೆ. ಮೊದಲು ರಬ್ಬರಿನ ಚೀಲದ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸು ಹೊರಬರುತ್ತದೆ, ಕೆಸರು ಒಳಹೋಗುತ್ತದೆ, ಆಮೇಲೆ ಸದ್ದು. ಸದ್ದು ಬಂದ ಮೇಲೆ ಗ್ರೀಸು ತುಂಬಿ ಪ್ರಯೋಜನವಿಲ್ಲ, ಜಾಯಿಂಟ್ ಬದಲಿಸಲೇಬೇಕು.

ಪರಿಹಾರವನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ: ಇಳಿಸಿ. ಮುಂಭಾಗವನ್ನು 40 ಮಿ.ಮೀ.ಗೆ ತನ್ನಿ. ಇಂತಹ ಗಾಡಿಗಳಲ್ಲಿ ಅಷ್ಟರವರೆಗೆ ಮೂಲದ ತೋಳುಗಳಿಂದಲೇ ಸಾಮಾನ್ಯವಾಗಿ ಅಲೈನ್‌ಮೆಂಟ್ ಕೂರುತ್ತದೆ. 50 ಮಿ.ಮೀ. ಬೇಕೇಬೇಕೆಂದರೆ, ಬಾಲ್ ಜಾಯಿಂಟನ್ನು ಹಿಂದಕ್ಕೆ ಸರಿಸಿ ಕ್ಯಾಸ್ಟರ್ ಮರಳಿಸುವಂತೆ ಮಾಡಿದ ಮೇಲಿನ ತೋಳುಗಳ ಜೋಡಿ ಹಾಕಿಸಬೇಕು. ಡಿಫರೆನ್ಷಿಯಲ್ ಡ್ರಾಪ್ ಎಂಬ ತುಂಡುಗಳನ್ನೂ ಮಾರುತ್ತಾರೆ. ಅವು ಮುಂದಿನ ಡಿಫರೆನ್ಷಿಯಲನ್ನು ಸುಮಾರು ಒಂದು ಇಂಚು ಕೆಳಗಿಳಿಸಿ ಶಾಫ್ಟಿನ ಕೋನ ಸರಿಮಾಡುತ್ತವೆ. ನೆಲದಿಂದ ದೂರ ಹೋಗಲೆಂದು ಹಣ ಕೊಟ್ಟು ಗಾಡಿ ಎತ್ತಿಸಿ, ಮತ್ತೆ ಹಣ ಕೊಟ್ಟು ಡಿಫರೆನ್ಷಿಯಲನ್ನು ನೆಲಕ್ಕೆ ಹತ್ತಿರ ತರುವುದರಲ್ಲಿ ಇರುವ ತಮಾಷೆಯನ್ನು ನೀವೇ ಯೋಚಿಸಿ.

ಪ್ರಶ್ನೆ: ಶಿರಸಿಯಿಂದ. ನಮ್ಮದು ಹಳೆಯ ಪಿಕಪ್, ಅಡಿಕೆ ಚೀಲ ಹೊತ್ತು ಹೊತ್ತು ಹಿಂದಿನ ಪ್ಲೇಟುಗಳು ಕುಸಿದು ಹೆಚ್ಚುಕಡಿಮೆ ನೇರವಾಗಿವೆ. ಮೇಸ್ತ್ರಿ ಒಬ್ಬರು ಆಕ್ಸಲ್ ಮತ್ತು ಪ್ಲೇಟುಗಳ ನಡುವೆ ಕಬ್ಬಿಣದ ಬ್ಲಾಕ್ ಇಡೋಣ ಎನ್ನುತ್ತಾರೆ, ಮತ್ತೊಬ್ಬರು ಒಂದು ಪ್ಲೇಟ್ ಹೆಚ್ಚಿಗೆ ಸೇರಿಸೋಣ ಎನ್ನುತ್ತಾರೆ, ಉದ್ದನೆಯ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚೌಕಟ್ಟಿಗೆ ಸೇರಿಸುವ ಕೊಂಡಿ) ಹಾಕಿದರೆ ಅಗ್ಗವೆಂದು ನನ್ನ ತಮ್ಮ ಹೇಳುತ್ತಾನೆ.

ಉತ್ತರ: ಕುಸಿದ ಲೀಫ್ ಸ್ಪ್ರಿಂಗಿನ, ಎಂದರೆ ಆ ಪ್ಲೇಟುಗಳ ಕಟ್ಟಿನ, ಕೆಳಗೆ ಬ್ಲಾಕ್ ಇಡುವುದು, ಬಾಗಿದ ಬೆನ್ನಿನವನಿಗೆ ಎತ್ತರದ ಚಪ್ಪಲಿ ಕೊಟ್ಟ ಹಾಗೆ. ಎತ್ತರ ಬರುತ್ತದೆ, ಶಕ್ತಿ ಬರುವುದಿಲ್ಲ. ಭಾರ ಹೇರಿದಾಗ ಸ್ಪ್ರಿಂಗ್ ಮೊದಲಿನಷ್ಟೇ ಕುಸಿಯುತ್ತದೆ. ಅಲ್ಲದೆ ಬ್ಲಾಕ್ ಎತ್ತರವಾದಷ್ಟೂ, ಮೊದಲ ಗೇರಿನಲ್ಲಿ ಏರು ಹತ್ತುವಾಗ ಆಕ್ಸಲ್ ತನ್ನ ಸುತ್ತ ತಿರುಚಿಕೊಳ್ಳಲು ಸಿಗುವ ಸನ್ನೆ ಉದ್ದವಾಗುತ್ತದೆ, ಸ್ಪ್ರಿಂಗ್ ಎಸ್ ಆಕಾರಕ್ಕೆ ಬಾಗಿ ಹಿಂಭಾಗ ಗಡಗಡಿಸುತ್ತದೆ. ಒಳ್ಳೆಯ ಸ್ಪ್ರಿಂಗ್ ಇರುವ ಗಾಡಿಗೆ ಇಪ್ಪತ್ತೈದು ಮಿ.ಮೀ.ನ ಬ್ಲಾಕ್ ಸಹ್ಯ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು ಯಾವ ಕಾರಣಕ್ಕೂ ಸಲ್ಲದು.

ಉದ್ದನೆಯ ಶ್ಯಾಕಲ್ ವಿಷಯದಲ್ಲಿ ತಮ್ಮನವರ ಲೆಕ್ಕ ಅರ್ಧ ಮಾತ್ರ ಸರಿ. ಶ್ಯಾಕಲ್ ಸ್ಪ್ರಿಂಗಿನ ಒಂದೇ ತುದಿಯಲ್ಲಿರುವುದರಿಂದ ಅದನ್ನು 40 ಮಿ.ಮೀ. ಉದ್ದ ಮಾಡಿದರೆ ನಡುವಿನಲ್ಲಿರುವ ಆಕ್ಸಲ್ ಬಳಿ ಸಿಗುವುದು ಸುಮಾರು 20 ಮಿ.ಮೀ. ಆಕ್ಸಲ್ ಸ್ವಲ್ಪ ಓರೆಯಾಗಿ ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ, ಉದ್ದನೆಯ ಶ್ಯಾಕಲ್ ಪಕ್ಕಕ್ಕೆ ತೂಗಾಡುವುದರಿಂದ ತಿರುವಿನಲ್ಲಿ ಗಾಡಿಯ ಹಿಂಭಾಗ ಸಡಿಲವೆನಿಸುತ್ತದೆ.

ಉಳಿದದ್ದು ಪ್ಲೇಟ್ ಸೇರಿಸುವುದು. ಪ್ಲೇಟುಗಳು ಇನ್ನೂ ಕಮಾನು ಉಳಿಸಿಕೊಂಡಿದ್ದರೆ ಇದು ಒಳ್ಳೆಯ ಉಪಾಯ. ಆದರೆ ನಿಮ್ಮವು ನೇರವಾಗಿವೆ ಎನ್ನುತ್ತೀರಿ. ಹೊಸದೊಂದು ಬಾಗಿದ ಪ್ಲೇಟನ್ನು ಐದು ಸೋತ ಪ್ಲೇಟುಗಳ ನಡುವೆ ಕೂರಿಸಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಒಂದೆರಡು ಅಡಿಕೆ ಸುಗ್ಗಿಗೆ ಅದೂ ಉಳಿದವುಗಳ ಸಾಲಿಗೆ ಸೇರುತ್ತದೆ. ಹೆದ್ದಾರಿ ಬದಿಯ ಕಮಾನು ಕೆಲಸದವರು ಪ್ಲೇಟುಗಳನ್ನು ತಟ್ಟಿ ಮತ್ತೆ ಬಾಗಿಸಿಕೊಡುತ್ತಾರೆ, ಲಾರಿಯವರು ಅದನ್ನು ನೆಚ್ಚಿದ್ದಾರೆ. ಹದ ಬಲ್ಲವರ ಕೈಯಲ್ಲಿ ಅದು ಕೆಲವು ಕಾಲ ಬಾಳುತ್ತದೆ, ಆದರೆ ಹೊಸ ಸೆಟ್‌ಗೆ ಸಾಟಿಯಲ್ಲ. ನಿಮಗೆ ಮೂಲದ ಅಳತೆಯ ಹೊಸ ಸ್ಪ್ರಿಂಗ್ ಸೆಟ್ಟನ್ನೇ ಶಿಫಾರಸು ಮಾಡುತ್ತೇನೆ. ಲಿಫ್ಟ್ ಎಂಬ ಮಾತೇ ಬೇಡ, ಕಳೆದುಕೊಂಡ ಎತ್ತರ ತಾನಾಗಿ ಮರಳುತ್ತದೆ. ಕೊಳ್ಳುವಾಗ ಕೀಲುಗಳೊಳಗಿನ ರಬ್ಬರ್ ಬುಷ್, ಶ್ಯಾಕಲ್ ಪಿನ್ನುಗಳನ್ನು ಹೊಸದಾಗಿ ತನ್ನಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳನ್ನಂತೂ ಹಳೆಯವನ್ನು ಮತ್ತೆ ಹಾಕಲು ಬಿಡಬೇಡಿ: ಒಮ್ಮೆ ಪೂರ್ತಿ ಬಿಗಿಸಿದ ಯು-ಬೋಲ್ಟ್ ಎಳೆದು ಉದ್ದವಾಗಿರುತ್ತದೆ, ಎರಡನೆಯ ಸಲ ಅಷ್ಟೇ ಹಿಡಿತ ಕೊಡುವುದಿಲ್ಲ.

ಹಳೆಯ ಪಿಕಪ್ ಎಂದಿರುವುದರಿಂದ ಇನ್ನೊಂದು ಮಾತು. ಹಿಂದಿನ ಆಕ್ಸಲ್‌ನಿಂದ ಚೌಕಟ್ಟಿನ ಕಡೆಗೆ ತೆಳುವಾದ ಸರಳೊಂದು ಹೋಗಿ ಬ್ರೇಕ್ ವಾಲ್ವ್ ಒಂದಕ್ಕೆ ಸೇರಿದೆಯೇ ನೋಡಿ. ಎಷ್ಟು ಭಾರವಿದೆ ಎಂಬುದನ್ನು ಹಿಂಭಾಗದ ಎತ್ತರದಿಂದ ಊಹಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಅದು. ಹಿಂಭಾಗವನ್ನು ಮೂಲಕ್ಕಿಂತ ಎತ್ತರಿಸಿದರೆ, ಹೇರಿದ ಗಾಡಿಯನ್ನೂ ಖಾಲಿಯೆಂದು ತಿಳಿದು ಅದು ಹಿಂದಿನ ಬ್ರೇಕನ್ನು ಕಡಿತಗೊಳಿಸುತ್ತದೆ. ಘಟ್ಟ ಇಳಿಯುವಾಗ ಇದು ಆಟವಲ್ಲ. ಎತ್ತರ ಬದಲಾದಷ್ಟು ಆ ಸರಳಿನ ಹಿಡಿಕೆಯನ್ನೂ ಸರಿಸಿ ಹೊಂದಿಸಬೇಕು.

ಪ್ರಶ್ನೆ: ಬೆಂಗಳೂರಿನ ಓದುಗ. ವಾರಾಂತ್ಯದಲ್ಲಿ ಆಫ್‌ರೋಡ್ ಹೋಗುವ ಹವ್ಯಾಸ. ಲಿಫ್ಟ್ ಕಿಟ್, ಕಬ್ಬಿಣದ ಮುಂಬಂಪರ್ ಹಾಕಿಸಿದರೆ ಆರ್.ಟಿ.ಒ. ತೊಂದರೆ ಆಗುತ್ತದೆಯೇ?

ಉತ್ತರ: ಆಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳ ಹೈಕೋರ್ಟಿನ ತೀರ್ಪೊಂದನ್ನು ಬದಿಗಿರಿಸಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದೆ ಬಿಡಿಭಾಗ ಜೋಡಿಸಿ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಕಬ್ಬಿಣದ ಬುಲ್ ಬಾರ್‌ಗಳು ಇದೇ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಹಾಗಾಗಿ ಕಬ್ಬಿಣದ ಬಂಪರನ್ನು ಮರೆಯಿರಿ; ಅದು ಹೋದರೆ ಅದರ ಭಾರಕ್ಕೆಂದು ಗಟ್ಟಿ ಸ್ಪ್ರಿಂಗ್ ಹುಡುಕುವ ಗೋಜೂ ಇಲ್ಲ. ಸ್ಪ್ರಿಂಗ್, ಶಾಕ್ ಬದಲಿಸುವ ಮೊದಲು ನಿಮ್ಮ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಅಪಘಾತದ ಮರುದಿನ ಸಮೀಕ್ಷಕರು ಬಂದು ಗಾಡಿಯ ಅಡಿಗೆ ಬಗ್ಗಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣಬಣ್ಣದ ಶಾಕ್‌ಗಳೇ. ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮಾತ್ರಕ್ಕೆ ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಮೂಡಿಗೆರೆಯಿಂದ. ಗಾಲಿಯ ಜಾಡು ಆಳವಾದ ದಾರಿಯಲ್ಲಿ ನಡುವಿನ ದಿಬ್ಬಕ್ಕೆ ಹಿಂದಿನ ಡಿಫರೆನ್ಷಿಯಲ್ ಗುಂಡು ತಾಗುತ್ತದೆ. 50 ಮಿ.ಮೀ. ಲಿಫ್ಟ್ ಮಾಡಿಸಿದರೆ ತಪ್ಪುತ್ತದೆಯೇ? ಗಾಡಿ ವಿ-ಕ್ರಾಸ್, ಟೈರ್ 255/60 ಆರ್ 18.

ಉತ್ತರ: ತಪ್ಪುವುದಿಲ್ಲ, ಒಂದು ಮಿಲಿಮೀಟರೂ ಇಲ್ಲ. ಹಿಂದಿನ ಆಕ್ಸಲ್ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಕೊಳವೆ. ಸ್ಪ್ರಿಂಗ್ ಎತ್ತುವುದು ಅದರ ಮೇಲಿನ ಚೌಕಟ್ಟನ್ನು, ಅದನ್ನಲ್ಲ. ಡಿಫರೆನ್ಷಿಯಲ್ ಏಳಬೇಕಾದರೆ ಟೈರೇ ದೊಡ್ಡದಾಗಬೇಕು. ನಿಮ್ಮ ಟೈರಿನ ಎತ್ತರ ಲೆಕ್ಕಕ್ಕೆ ಸುಮಾರು 763 ಮಿ.ಮೀ.; 265/65 ಆರ್ 18 ಹಾಕಿದರೆ 802 ಆಗುತ್ತದೆ, ಅದರ ಅರ್ಧ ವ್ಯತ್ಯಾಸವಾದ ಇಪ್ಪತ್ತು ಮಿ.ಮೀ.ಯಷ್ಟು ಡಿಫರೆನ್ಷಿಯಲ್ ಏಳುತ್ತದೆ. ಅದಕ್ಕೆ ತೆರಬೇಕಾದ ಬೆಲೆ: ಮೀಟರಿನಲ್ಲಿ 80 ತೋರಿಸುವಾಗ ನಿಜವಾದ ವೇಗ 84 ಇರುತ್ತದೆ, ಏರಿನಲ್ಲಿ ಎಳೆತ ಸ್ವಲ್ಪ ತಗ್ಗುತ್ತದೆ, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಒಳಪದರಕ್ಕೆ ಟೈರ್ ಉಜ್ಜಬಹುದು, ಮತ್ತು ಮೇಲೆ ಹೇಳಿದ ಕಾನೂನಿನ ಪ್ರಶ್ನೆ ಟೈರಿಗೂ ಅನ್ವಯಿಸುತ್ತದೆ. ಇಪ್ಪತ್ತು ಮಿ.ಮೀ.ಗೆ ಇಷ್ಟೆಲ್ಲ ಬೇಕೇ? ದಾರಿ ನಿಮ್ಮ ತೋಟದ್ದೇ ಆದರೆ ಬೇಸಿಗೆಯಲ್ಲಿ ಇಬ್ಬರು ಆಳು, ಎರಡು ಗುದ್ದಲಿ ಸೇರಿ ಒಂದೇ ದಿನದಲ್ಲಿ ಆ ದಿಬ್ಬವನ್ನು ಕಡಿದು ಜಾಡಿಗೆ ತುಂಬಬಹುದು. ನಾನಾದರೆ ಅದನ್ನೇ ಮೊದಲು ಮಾಡಿಸುತ್ತಿದ್ದೆ.

ಪ್ರಶ್ನೆ: ಹಾಸನದಲ್ಲಿ ಗ್ಯಾರೇಜ್ ನಡೆಸುತ್ತೇನೆ. ಸ್ಪ್ರಿಂಗ್ ಬದಲಿಸಿದ ಗಾಡಿಗಳು ಹಲವು ಸಲ ಬಲಕ್ಕೆ ಒಂದಿಷ್ಟು ವಾಲಿ ನಿಲ್ಲುತ್ತವೆ. ಎರಡೇ ತಿಂಗಳಿಗೆ ಬುಷ್‌ಗಳು ಹರಿದವೆಂದು ಗಿರಾಕಿಗಳು ಮರಳಿ ಬಂದದ್ದೂ ಇದೆ. ಜೋಡಿಸುವಾಗ ಏನು ಗಮನಿಸಬೇಕು?

ಉತ್ತರ: ಬುಷ್ ಹರಿಯುವುದು ಮಾಲಿನ ದೋಷವಲ್ಲ, ಬಹುತೇಕ ಜೋಡಣೆಯ ದೋಷ. ಗಾಡಿಯನ್ನು ಗ್ಯಾರೇಜಿನ ಲಿಫ್ಟಿನ ಮೇಲೆ ಎತ್ತಿ, ಚಕ್ರಗಳು ಜೋತುಬಿದ್ದಿರುವಾಗಲೇ ತೋಳು, ಶ್ಯಾಕಲ್‌ಗಳ ಬೋಲ್ಟನ್ನು ಪೂರ್ತಿ ಬಿಗಿದುಬಿಡುವುದು ನಮ್ಮಲ್ಲಿ ರೂಢಿ. ರಬ್ಬರಿನ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಅದು ಹಗಲಿರುಳು ತಿರುಚಿಕೊಂಡೇ ಇರುತ್ತದೆ. ಬೋಲ್ಟುಗಳನ್ನು ಕೈಹಿಡಿತಕ್ಕೆ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕಾರು ಸಲ ಅದುಮಿ, ಹಿಂದೆ ಮುಂದೆ ಸ್ವಲ್ಪ ಓಡಿಸಿ, ಆಮೇಲೆ ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಿರಿ.

ವಾಲುವುದಕ್ಕೆ ಕಾರಣ ಸರಳ. ನಮ್ಮ ಗಾಡಿಗಳಲ್ಲಿ ಚಾಲಕ ಬಲಗಡೆ ಕೂರುತ್ತಾನೆ, ಇಂಧನ ಟ್ಯಾಂಕು, ಬ್ಯಾಟರಿಗಳೂ ಒಂದೊಂದು ಪಕ್ಕಕ್ಕಿರುತ್ತವೆ. ಇದನ್ನರಿತ ತಯಾರಕರು ಎಡ ಬಲದ ಸ್ಪ್ರಿಂಗುಗಳನ್ನು ತುಸು ಬೇರೆ ಎತ್ತರದಲ್ಲಿ ಮಾಡಿ ಗುರುತು ಹಾಕಿರುತ್ತಾರೆ. ಪೆಟ್ಟಿಗೆ ಬಿಚ್ಚಿದೊಡನೆ ಆ ಗುರುತನ್ನು ನೋಡದೆ ಹಾಕಿದರೆ ವಾಲು ಇಮ್ಮಡಿಯಾಗುತ್ತದೆ. ಎರಡೂ ಒಂದೇ ಆಗಿದ್ದರೆ ತಗ್ಗಿದ ಪಕ್ಕಕ್ಕೆ 5 ಮಿ.ಮೀ.ನ ಪ್ಯಾಕರ್ (ತೆಳು ಸ್ಪೇಸರ್) ಕೊಟ್ಟರೆ ಚಕ್ರದ ಬಳಿ ಎಂಟೊಂಬತ್ತು ಮಿ.ಮೀ. ಸಿಗುತ್ತದೆ. ಆದರೆ ವಾಲನ್ನು ಅದೇ ದಿನ ತಿದ್ದಲು ಹೋಗಬೇಡಿ, ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರಿನಲ್ಲಿ ತುಸು ಕೂರುತ್ತದೆ.

ಅಳೆಯುವಾಗ ನೆಲದಿಂದ ಅಳೆಯಬೇಡಿ, ಟೈರಿನ ಗಾಳಿಯೂ ಸವೆತವೂ ಲೆಕ್ಕ ಕೆಡಿಸುತ್ತವೆ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ನೇರ ಮೇಲಕ್ಕೆ ಅಳೆಯಿರಿ. ಎಡಕ್ಕೂ ಬಲಕ್ಕೂ, ಹಳತಕ್ಕೂ ಹೊಸತಕ್ಕೂ ಹೋಲಿಸಲು ಇದು ಸರಿಯಾದ ಅಳತೆ; ಮುಂದಿನ ಮತ್ತು ಹಿಂದಿನ ಕಮಾನುಗಳನ್ನು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿರುವುದರಿಂದ ಗಾಡಿಯ ಇಳಿಜಾರನ್ನು ಮಾತ್ರ ಇದರಿಂದ ತಿಳಿಯಲಾಗದು, ಅದಕ್ಕೆ ಸಕಲೇಶಪುರದವರು ಮಾಡಿದಂತೆ ಬಾಗಿಲ ಅಂಚನ್ನೇ ಅಳೆಯಬೇಕು. ಕೆಲಸ ಶುರುಮಾಡುವ ಮೊದಲು ಗಿರಾಕಿಯ ಎದುರಿಗೇ ನಾಲ್ಕು ಚಕ್ರಗಳ ಅಳತೆ ತೆಗೆದು ಬರೆದುಕೊಳ್ಳಿ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತೆಂಬುದನ್ನೂ ಸೇರಿಸಿ. ಮುಗಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರವನ್ನು ಜೋತುಬಿಟ್ಟು, ಬ್ರೇಕ್ ಹೋಸ್ ಮತ್ತು ಎ.ಬಿ.ಎಸ್. ತಂತಿ ಬಿಗಿಯಾಗುತ್ತಿಲ್ಲವೆಂದು ನೋಡಿ. ಹಿಂಭಾಗವನ್ನು ಎತ್ತಿದ್ದು, ಗಾಡಿ ಹೊರಡುವಾಗ ಅಡಿಯಲ್ಲಿ ನಡುಕ ಬಂದರೆ, ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗನ್ನು ಕೆಲವು ಮಿ.ಮೀ. ಕೆಳಗಿಳಿಸುವ ತುಂಡು ಬೇಕಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ ಕಳಿಸಿ. 500 ಕಿಲೋಮೀಟರ್ ಓಡಿದ ಮೇಲೆ ಗಾಡಿಯನ್ನು ಮರಳಿ ಕರೆಸಿ, ಯು-ಬೋಲ್ಟುಗಳನ್ನು ಮತ್ತೆ ಬಿಗಿದು, ಅದೇ ನಾಲ್ಕು ಜಾಗಗಳಲ್ಲಿ ಅಳೆದು ಅದೇ ಹಾಳೆಯಲ್ಲಿ ಬರೆಯಿರಿ. ಪ್ಯಾಕರ್ ಬೇಕೋ ಬೇಡವೋ ಎಂಬುದು ಆಗ ಗೊತ್ತಾಗುತ್ತದೆ.